ಪ್ರೊಬೇಷನ್ ಷರತ್ತು ಮುರಿದ ತಮ್ಮ ಜೈಲಿಗೆ ಹೋಗಲೇಬೇಕಾ?

ಪ್ರಶ್ನೆ: ನಮ್ಮದು ಹಾಸನ ಜಿಲ್ಲೆಯ ಒಂದು ಹಳ್ಳಿ. 2023ರಲ್ಲಿ ಜಾತ್ರೆಯ ದಿನ ಹುಡುಗರ ಜಗಳದಲ್ಲಿ ನನ್ನ ತಮ್ಮ ಒಬ್ಬನ ತಲೆಗೆ ದೊಣ್ಣೆಯಿಂದ ಹೊಡೆದ. ಐಪಿಸಿ 324ರ (ಆಯುಧದಿಂದ ಗಾಯ ಮಾಡಿದ) ಕೇಸಾಯಿತು. ಕಳೆದ ವರ್ಷ ತಪ್ಪಿತಸ್ಥ ಅಂತ ತೀರ್ಪು ಬಂತು. ಆಗ ಅವನಿಗೆ 20 ವರ್ಷ. ಜೈಲಿಗೆ ಕಳಿಸದೆ ಎರಡು ವರ್ಷದ ಪ್ರೊಬೇಷನ್ ಮೇಲೆ ಬಿಟ್ಟರು. ನಮ್ಮ ಸೋದರಮಾವ ಜಾಮೀನು ನಿಂತರು. ತಿಂಗಳಿಗೊಮ್ಮೆ ಪ್ರೊಬೇಷನ್ ಅಧಿಕಾರಿಯನ್ನು ಕಾಣಬೇಕು, ಕುಡಿಯಬಾರದು, ಅನುಮತಿ ಇಲ್ಲದೆ ಊರು ಬಿಡಬಾರದು ಅಂತ ಷರತ್ತು. ಏಟು ತಿಂದವನಿಗೆ ಪರಿಹಾರವನ್ನೂ ಕಟ್ಟಬೇಕು. ಎಂಟು-ಹತ್ತು ತಿಂಗಳು ಸರಿಯಾಗಿಯೇ ನಡೆದುಕೊಂಡ. ಆಮೇಲೆ ಬೆಂಗಳೂರಿನ ಪೀಣ್ಯದಲ್ಲಿ ಕೆಲಸ ಸಿಕ್ಕಿತು ಅಂತ ಯಾರಿಗೂ ಹೇಳದೆ ಹೋಗಿಬಿಟ್ಟ. ಮೂರು ತಿಂಗಳಿಂದ ಅಧಿಕಾರಿಯ ಮುಖ ನೋಡಿಲ್ಲ. ಪರಿಹಾರದ ಹಣ ಅರ್ಧ ಬಾಕಿ ಇದೆ. ಈಗ ಕೋರ್ಟಿನಿಂದ ಅವನಿಗೂ ಮಾವನಿಗೂ ಸಮನ್ಸ್ ಬಂದಿದೆ. 'ಹೋದರೆ ಒಳಗೆ ಹಾಕ್ತಾರೆ, ನಾನು ಹೋಗಲ್ಲ' ಅಂತ ಕೂತಿದ್ದಾನೆ. ಜೈಲು ಖಚಿತವಾ? ಕೆಲಸ ಹೋಗುತ್ತಾ? ಮಾವನ ಗತಿ ಏನು?

ಉತ್ತರ: ಮೊದಲು ನಿಮಗೆ ತುರ್ತಾಗಿ ಬೇಕಾದ ಮಾತು. ಜೈಲು ಖಚಿತವಲ್ಲ. ಸಮನ್ಸ್‌ನಲ್ಲಿರುವ ತಾರೀಖಿಗೆ ನಿಮ್ಮ ತಮ್ಮ ಕೋರ್ಟಿನಲ್ಲಿ ಇರಲೇಬೇಕು. ಅವನು ಯಾವುದಕ್ಕೆ ಹೆದರಿ ಮನೆಯಲ್ಲಿ ಕೂತಿದ್ದಾನೋ, ಮನೆಯಲ್ಲಿ ಕೂತರೆ ಅದೇ ಆಗುವ ಸಾಧ್ಯತೆ ಜಾಸ್ತಿ. ಷರತ್ತು ಮುರಿದವನ ಮಾತನ್ನು ಕೇಳಲು ಕಾನೂನಿನಲ್ಲಿ ಸಾಕಷ್ಟು ಜಾಗ ಇದೆ. ಕರೆದರೂ ಬಾರದವನಿಗೆ ಆ ಜಾಗ ದಿನದಿಂದ ದಿನಕ್ಕೆ ಚಿಕ್ಕದಾಗುತ್ತಾ ಹೋಗುತ್ತದೆ. ಯಾಕೆ ಅಂತ ವಿವರವಾಗಿ ಹೇಳುತ್ತೇನೆ. ಇದನ್ನು ಅವನಿಗೂ ಓದಿಸಿ.

ಪ್ರೊಬೇಷನ್ ಸಿಕ್ಕಿದ ದಿನ ಬಹಳ ಮನೆಗಳಲ್ಲಿ 'ಸದ್ಯ, ಕೇಸು ಮುಗಿಯಿತು' ಅಂದುಕೊಳ್ಳುತ್ತಾರೆ. ಮುಗಿದಿರುವುದಿಲ್ಲ. 1958ರ ಅಪರಾಧಿಗಳ ಪ್ರೊಬೇಷನ್ ಕಾಯ್ದೆಯ 4ನೇ ಕಲಂ ಪ್ರಕಾರ ಕೋರ್ಟು ಆ ದಿನ ಎರಡು ಕೆಲಸ ಮಾಡುತ್ತದೆ. ಆರೋಪಿ ತಪ್ಪಿತಸ್ಥ ಅಂತ ತೀರ್ಮಾನಿಸುತ್ತದೆ. ಆದರೆ ಶಿಕ್ಷೆ ಎಷ್ಟು ಅಂತ ಹೇಳುವುದನ್ನು ತಡೆಹಿಡಿಯುತ್ತದೆ. 'ಕರೆದಾಗ ಬಂದು ಶಿಕ್ಷೆ ಪಡೆಯುತ್ತೇನೆ, ಅಲ್ಲಿಯವರೆಗೆ ಶಾಂತಿಯಿಂದ ಇರುತ್ತೇನೆ, ಒಳ್ಳೆಯ ನಡತೆ ಇಟ್ಟುಕೊಳ್ಳುತ್ತೇನೆ' ಅಂತ ಮುಚ್ಚಳಿಕೆ ಬರೆಸಿಕೊಂಡು ಮನೆಗೆ ಕಳಿಸುತ್ತದೆ. ನಿಮ್ಮ ತಮ್ಮ ಸಹಿ ಹಾಕಿದ್ದು ಇದಕ್ಕೇ. ಅವನಿಗೆ ಆರು ತಿಂಗಳು, ಒಂದು ವರ್ಷ ಅಂತ ಇನ್ನೂ ಯಾರೂ ಶಿಕ್ಷೆ ಬರೆದಿಲ್ಲ. ಆ ಜಾಗ ಖಾಲಿ ಇದೆ. ಮುಚ್ಚಳಿಕೆಯ ಅವಧಿ ಮುಗಿಯುವವರೆಗೂ ಅದನ್ನು ತುಂಬುವ ಅಧಿಕಾರ ಕೋರ್ಟಿಗೆ ಇರುತ್ತದೆ. ಈ ಅವಧಿ ಗರಿಷ್ಠ ಮೂರು ವರ್ಷ. ಅಧಿಕಾರಿಯ ನಿಗಾ ಬೇಕು ಅಂತ ಆದೇಶ ಮಾಡಿದರೆ ಆ ನಿಗಾ ಕನಿಷ್ಠ ಒಂದು ವರ್ಷ ಇರಬೇಕು.

ಜಾಮೀನು (ಬೇಲ್), ಪೆರೋಲ್ ಜೊತೆ ಇದನ್ನು ಕಲೆಸಿಕೊಳ್ಳಬೇಡಿ. ಜಾಮೀನು ಸಾಮಾನ್ಯವಾಗಿ ತೀರ್ಪಿಗೆ ಮುಂಚೆ ಸಿಗುವಂಥದ್ದು. ಪೆರೋಲ್ ಅಂದರೆ ಶಿಕ್ಷೆ ಅನುಭವಿಸುತ್ತಿರುವ ಕೈದಿ ಸ್ವಲ್ಪ ದಿನ ಹೊರಗೆ ಬರುವುದು. ಪ್ರೊಬೇಷನ್‌ನಲ್ಲಿ ತೀರ್ಪು ಆಗಿದೆ, ಜೈಲು ಶಿಕ್ಷೆ ಇನ್ನೂ ಹುಟ್ಟಿಲ್ಲ.

ಇದು ಯಾರಿಗೆ ಸಿಗುತ್ತದೆ ಅನ್ನುವುದೂ ಗೊತ್ತಿರಲಿ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ಇರುವ ಅಪರಾಧಕ್ಕೆ ಸಿಗುವುದಿಲ್ಲ. ಭ್ರಷ್ಟಾಚಾರ ತಡೆ ಕಾಯ್ದೆಯ ಕೇಸು ಇದರ ಹೊರಗೆ. ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯಲ್ಲಿ 18 ದಾಟಿದವರಿಗೆ ಇದು ಇಲ್ಲ. ಮಾದಕ ವಸ್ತು ಕಾಯ್ದೆಯ ಹೆಚ್ಚಿನ ಕೇಸುಗಳಲ್ಲೂ ಇಲ್ಲ. ಅಜಾಗರೂಕ ಚಾಲನೆಯಿಂದ ಸಾವಾದ ಪ್ರಕರಣದಲ್ಲಿ ಚಾಲಕರಿಗೆ ಈ ರಿಯಾಯಿತಿ ಕೊಡಬಾರದು ಅಂತ ಸುಪ್ರೀಂ ಕೋರ್ಟ್ 2000ದಲ್ಲಿ ಗಟ್ಟಿಯಾಗಿ ಹೇಳಿದೆ. ಉಳಿದಂತೆ ಅಪರಾಧದ ಸ್ವರೂಪ, ಹುಡುಗನ ಹಿನ್ನೆಲೆ, ನಡತೆ ನೋಡಿ ಮ್ಯಾಜಿಸ್ಟ್ರೇಟ್ ನಿರ್ಧರಿಸುತ್ತಾರೆ.

ನಿಮ್ಮ ತಮ್ಮನ ಪಾಲಿಗೆ ವಯಸ್ಸು ದೊಡ್ಡ ಆಸರೆ ಆಗಿದೆ. 21 ತುಂಬದವರನ್ನು ಜೈಲಿಗೆ ಕಳಿಸುವುದಾದರೆ ಕಾರಣ ಬರೆದು ಕಳಿಸಬೇಕು ಅನ್ನುತ್ತದೆ 6ನೇ ಕಲಂ. ಅದಕ್ಕೂ ಮುಂಚೆ ಪ್ರೊಬೇಷನ್ ಅಧಿಕಾರಿಯಿಂದ ವರದಿ ತರಿಸಿಕೊಳ್ಳಲೇಬೇಕು. ಈ ವಯಸ್ಸನ್ನು ಲೆಕ್ಕ ಹಾಕುವುದು ಅಪರಾಧ ನಡೆದ ದಿನಕ್ಕಲ್ಲ, ಕೋರ್ಟು ಶಿಕ್ಷೆಯ ವಿಷಯ ತೀರ್ಮಾನಿಸುವ ದಿನಕ್ಕೆ. 1962ರಿಂದಲೂ ಸುಪ್ರೀಂ ಕೋರ್ಟಿನ ನಿಲುವು ಇದು. ತೀರ್ಪಿನ ದಿನ ಅವನಿಗೆ 20 ಆಗಿದ್ದರಿಂದ ಈ ರಕ್ಷಣೆ ಸಿಕ್ಕಿತು. 18 ತುಂಬದ ಮಕ್ಕಳ ದಾರಿಯೇ ಬೇರೆ, ಅದಕ್ಕೆ ಬಾಲನ್ಯಾಯ ಕಾಯ್ದೆ ಇದೆ.

ಪ್ರೊಬೇಷನ್ ಅಧಿಕಾರಿ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ನಿಮ್ಮ ಪತ್ರ ನೋಡಿದರೆ ನಿಮ್ಮ ಮನೆಯಲ್ಲಿ ಅವರನ್ನು ಇನ್ನೊಬ್ಬ ಪೊಲೀಸಿನ ಥರ ನೋಡಿದ ಹಾಗಿದೆ. ಅವರು ಪೊಲೀಸರಲ್ಲ. ತೀರ್ಪಿಗೆ ಮುಂಚೆ ನಿಮ್ಮ ಮನೆಗೆ ಯಾರೋ ಬಂದು ತಂದೆ ಏನು ಮಾಡುತ್ತಾರೆ, ಹುಡುಗ ಎಲ್ಲಿಯವರೆಗೆ ಓದಿದ, ಯಾರ ಜೊತೆ ಓಡಾಡುತ್ತಾನೆ, ಕುಡಿತ ಇದೆಯಾ, ಎಷ್ಟು ಹೊತ್ತಿಗೆ ಮನೆಗೆ ಬರುತ್ತಾನೆ ಅಂತ ಕೇಳಿರಬೇಕು. ಪಕ್ಕದ ಮನೆಯವರನ್ನೂ ಮಾತಾಡಿಸಿರುತ್ತಾರೆ. ಆ ವರದಿಯನ್ನು ಗುಟ್ಟಾಗಿಡಬೇಕು ಅಂತ ಕಾಯ್ದೆಯೇ ಹೇಳುತ್ತದೆ. ಅದರ ಸಾರಾಂಶವನ್ನು ಕೋರ್ಟು ಆರೋಪಿಗೆ ತಿಳಿಸಬಹುದು, ಅದಕ್ಕೆ ಉತ್ತರ ಕೊಡಲು ಅವಕಾಶವನ್ನೂ ಕೊಡಬಹುದು. ಬಿಡುಗಡೆಯ ಮೇಲೆ ಅಧಿಕಾರಿಯ ಕೆಲಸ ಬರೀ ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಳ್ಳುವುದಲ್ಲ. ಅಗತ್ಯ ಬಿದ್ದರೆ ಹುಡುಗನಿಗೆ ಸರಿಯಾದ ಕೆಲಸ ಹುಡುಕಿಕೊಡಲು ಪ್ರಯತ್ನಿಸಬೇಕು, ಪರಿಹಾರ ಕಟ್ಟುವ ವಿಷಯದಲ್ಲಿ ಸಲಹೆ, ಸಹಾಯ ಮಾಡಬೇಕು ಅಂತ 14ನೇ ಕಲಂ ಅವರ ಮೇಲೆ ಹೊಣೆ ಹೊರಿಸಿದೆ. ಈ ಪದ್ಧತಿ ಹುಟ್ಟಿದ್ದೂ ಹಾಗೆಯೇ. 1841ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಜಾನ್ ಅಗಸ್ಟಸ್ ಎಂಬ ಬೂಟು ತಯಾರಿಸುವ ವ್ಯಕ್ತಿ ಕುಡಿತದ ಕೇಸಿನಲ್ಲಿ ಸಿಕ್ಕಿಬಿದ್ದ ಒಬ್ಬನಿಗೆ ತಾನೇ ಜಾಮೀನು ನಿಂತ. ಅವನನ್ನು ಸರಿದಾರಿಗೆ ತಂದು ಮತ್ತೆ ಕೋರ್ಟಿನ ಮುಂದೆ ನಿಲ್ಲಿಸಿದ. ಹೀಗೆ ಜವಾಬ್ದಾರಿ ಹೊತ್ತು ಜೊತೆಗೆ ನಿಲ್ಲುವ ಮನುಷ್ಯನಿಂದ ಈ ಅಧಿಕಾರಿಯ ಹುದ್ದೆ ಬೆಳೆದು ಬಂದದ್ದು.

ಈ ಕಾರಣಕ್ಕೇ ನನಗೆ ನಿಮ್ಮ ಪತ್ರ ಓದಿ ಬೇಸರವಾಯಿತು. ನಿಮ್ಮ ತಮ್ಮ ಮಾಡಲು ಹೊರಟದ್ದು ಒಳ್ಳೆಯ ಕೆಲಸ. ದುಡಿಯಲು ಹೋದ. 'ಸರ್, ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ, ಹೋಗಲಾ?' ಅಂತ ಒಂದು ಮಾತು ಕೇಳಿದ್ದರೆ ಸಾಕಿತ್ತು. 8ನೇ ಕಲಂ ಪ್ರಕಾರ ಅಧಿಕಾರಿಯ ಅರ್ಜಿಯ ಮೇಲೆ ಕೋರ್ಟು ಷರತ್ತು ಬದಲಾಯಿಸಬಹುದು. 13ನೇ ಕಲಂ ಪ್ರಕಾರ ಒಬ್ಬ ಅಧಿಕಾರಿಯ ಬದಲು ಇನ್ನೊಬ್ಬರನ್ನು ನೇಮಿಸಬಹುದು. ಅಂದರೆ ಹಾಸನದ ಬದಲು ಬೆಂಗಳೂರಿನ ಅಧಿಕಾರಿಯ ಮುಂದೆ ಹಾಜರಾಗುವ ದಾರಿ ಕಾನೂನಿನಲ್ಲಿ ಮೊದಲಿಂದ ಇದೆ. ಆ ದಾರಿ ಈಗಲೂ ಮುಚ್ಚಿಲ್ಲ, ಮುಂದೆ ಮತ್ತೆ ಹೇಳುತ್ತೇನೆ.

ಈಗ ಷರತ್ತು ಮುರಿದಾಗ ಏನಾಗುತ್ತದೆ ಅನ್ನುವುದಕ್ಕೆ ಬರೋಣ. ಇದಕ್ಕೆ 9ನೇ ಕಲಂ ಇದೆ.

ಷರತ್ತು ಮುರಿದಿದ್ದಾನೆ ಅಂತ ನಂಬಲು ಕಾರಣ ಇದೆ ಅನ್ನಿಸಿದರೆ ಕೋರ್ಟು ನೇರವಾಗಿ ಬಂಧನದ ವಾರಂಟ್ ಹೊರಡಿಸಬಹುದು. ಬೇಡ ಅನ್ನಿಸಿದರೆ ಅವನಿಗೂ ಜಾಮೀನುದಾರರಿಗೂ ಸಮನ್ಸ್ ಕಳಿಸಿ ಬರಲು ಹೇಳಬಹುದು. ನಿಮಗೆ ಬಂದಿರುವುದು ಸಮನ್ಸ್. ಇದು ಸಣ್ಣ ವಿಷಯ ಅಲ್ಲ. ಪೊಲೀಸರನ್ನು ಕಳಿಸುವ ಅಧಿಕಾರ ಇದ್ದರೂ ಕೋರ್ಟು ಕಾಗದ ಕಳಿಸಿದೆ. ಅವನು ತಾನಾಗಿ ಬರುತ್ತಾನೆ ಅಂತ ಇನ್ನೂ ನಂಬಿದೆ ಅಂತ ಅರ್ಥ. ತಾರೀಖು ತಪ್ಪಿಸಿದರೆ ಆ ನಂಬಿಕೆ ಅಲ್ಲಿಗೆ ಮುಗಿಯಿತು. ಮುಂದಿನದು ವಾರಂಟ್. ಆಗ ಪೊಲೀಸರು ಪೀಣ್ಯದ ಶೆಡ್ಡಿಗೇ ಬಂದು, ಮಾಲೀಕರ ಎದುರಿಗೇ ಕರೆದುಕೊಂಡು ಹೋಗಬಹುದು. ತಲೆಮರೆಸಿಕೊಂಡ ಅನ್ನಿಸಿದರೆ ಉದ್ಘೋಷಣೆ (ಇಂಥ ದಿನ ಹಾಜರಾಗು ಅಂತ ಕೋರ್ಟು ಬಹಿರಂಗವಾಗಿ ಸಾರುವುದು), ಆಸ್ತಿ ಜಪ್ತಿಯವರೆಗೂ ವಿಷಯ ಹೋಗಬಹುದು.

ತಾನಾಗಿ ಹಾಜರಾದರೆ? ವಿಚಾರಣೆ ಮುಗಿಯುವವರೆಗೆ ಅವನನ್ನು ಕಸ್ಟಡಿಗೆ ಕಳಿಸುವ ಅಧಿಕಾರ ಕೋರ್ಟಿಗೆ ಇದೆ. ಜಾಮೀನು ಕೊಡುವ ಅಧಿಕಾರವೂ ಇದೆ. ಯಾವುದು ಆಗುತ್ತದೆ ಅನ್ನುವುದಕ್ಕೆ ಗ್ಯಾರಂಟಿ ಯಾರೂ ಕೊಡಲಾರರು. ಕೊಡುತ್ತೇನೆ ಅನ್ನುವ ವಕೀಲರಿದ್ದರೆ ಅವರಿಂದ ದೂರ ಇರಿ. ಆದರೆ ಸಮನ್ಸ್ ಕಂಡು ತಾನಾಗಿ ಬಂದವನನ್ನೂ ವಾರಂಟಿನ ಮೇಲೆ ಹಿಡಿದು ತಂದವನನ್ನೂ ಯಾವ ಮ್ಯಾಜಿಸ್ಟ್ರೇಟರೂ ಒಂದೇ ಕಣ್ಣಿನಿಂದ ನೋಡುವುದಿಲ್ಲ. 'ಇವನನ್ನು ಬಿಟ್ಟರೆ ಮುಂದಿನ ಡೇಟಿಗೆ ಬರ್ತಾನಾ?' ಅನ್ನುವುದೇ ಅಲ್ಲಿನ ಪ್ರಶ್ನೆ. ಬಂದು ನಿಂತಿರುವುದೇ ಆ ಪ್ರಶ್ನೆಗೆ ಮೊದಲ ಉತ್ತರ, ಅಲ್ವಾ?

ಆಮೇಲೆ ವಿಚಾರಣೆ. ಇಲ್ಲಿ ಹಳೆಯ ಜಗಳದ ಕೇಸು ಮತ್ತೆ ನಡೆಯುವುದಿಲ್ಲ. 'ನಾನು ಹೊಡೆದೇ ಇಲ್ಲ' ಅಂತ ಈಗ ವಾದ ಮಾಡಿದರೆ ಕೇಳುವವರಿಲ್ಲ, ಅದಕ್ಕೆ ಮೇಲ್ಮನವಿ ಹಾಕಬೇಕಿತ್ತು. ಈಗ ನೋಡುವುದು ಇಷ್ಟೇ: ಷರತ್ತು ಏನಿತ್ತು, ಅವನು ಅದನ್ನು ಪಾಲಿಸಿದನಾ, ಪಾಲಿಸದಿದ್ದರೆ ಯಾಕೆ. ಅಧಿಕಾರಿಯ ವರದಿ ಬಂತು ಅಂದ ಮಾತ್ರಕ್ಕೆ ವಿಷಯ ತೀರ್ಮಾನ ಆಗುವುದಿಲ್ಲ. ಅವನ ಮಾತು ಕೇಳಿ, ತಪ್ಪಿದ್ದು ನಿಜ ಅಂತ ಕೋರ್ಟಿಗೆ ಮನವರಿಕೆ ಆಗಬೇಕು.

ಮನವರಿಕೆ ಆಯಿತು ಅನ್ನೋಣ. ಆಗ ಕಾಯ್ದೆ ಎರಡು ದಾರಿ ತೋರಿಸುತ್ತದೆ. ಒಂದು, ಮೂಲ ಅಪರಾಧಕ್ಕೆ ಶಿಕ್ಷೆ ವಿಧಿಸುವುದು. ಎರಡು, ತಪ್ಪಿದ್ದು ಮೊದಲನೆಯ ಸಲ ಆದರೆ, ಮುಚ್ಚಳಿಕೆಯನ್ನು ಹಾಗೇ ಮುಂದುವರಿಸಿ ದಂಡ ಹಾಕುವುದು. ಆ ದಂಡ ಎಷ್ಟು ಗೊತ್ತಾ? ಕಾಯ್ದೆಯಲ್ಲಿ ಬರೆದಿರುವ ಗರಿಷ್ಠ ಮೊತ್ತ 50 ರೂಪಾಯಿ. 1958ರಲ್ಲಿ ಅದು ದೊಡ್ಡ ದುಡ್ಡು. ಈಗ ಮೊತ್ತ ಮುಖ್ಯವಲ್ಲ, ಹಿಂದಿನ ಉದ್ದೇಶ ಮುಖ್ಯ. ಮೊದಲ ಸಲ ಕಾಲು ಜಾರಿದವನನ್ನು ಎಚ್ಚರಿಸಿ ಅದೇ ದಾರಿಯಲ್ಲಿ ಮುಂದೆ ನಡೆಯಲು ಬಿಡಿ ಅಂತ ಶಾಸನ ಮಾಡಿದವರೇ ಯೋಚಿಸಿದ್ದಾರೆ. ಈ 50 ರೂಪಾಯಿಯನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಹೇಳಿದ ದಿನದೊಳಗೆ ಕಟ್ಟದಿದ್ದರೆ ಅದೊಂದೇ ಕಾರಣಕ್ಕೆ ಮೂಲ ಅಪರಾಧಕ್ಕೆ ಶಿಕ್ಷೆ ಕೊಡಬಹುದು. ಅವತ್ತೇ ಕಟ್ಟಿ, ರಸೀದಿ ಇಟ್ಟುಕೊಳ್ಳಿ.

ಎರಡನೆಯ ಸಲ ತಪ್ಪಿದವರಿಗೆ ಈ ದಂಡದ ದಾರಿ ಇಲ್ಲ. ನಿಮ್ಮ ತಮ್ಮನ ವಿಷಯದಲ್ಲಿ ಇದು ಮೊದಲನೆಯದು. ಅದನ್ನು ಕಾಪಾಡಿಕೊಳ್ಳಿ.

ಶಿಕ್ಷೆ ಕೊಟ್ಟೇಬಿಟ್ಟರೆ ಎಷ್ಟು? ಐಪಿಸಿ 324ಕ್ಕೆ ಗರಿಷ್ಠ ಮೂರು ವರ್ಷ ಜೈಲು, ಅಥವಾ ಜುಲ್ಮಾನೆ, ಅಥವಾ ಎರಡೂ. ಗರಿಷ್ಠವನ್ನೇ ಕೊಡಬೇಕು ಅಂತೇನಿಲ್ಲ. ಹಿಂದೆ ಈ ಕೇಸಿನಲ್ಲಿ ಅವನು ನ್ಯಾಯಾಂಗ ಬಂಧನದಲ್ಲಿ ಇದ್ದ ದಿನಗಳಿದ್ದರೆ ಅವನ್ನು ಶಿಕ್ಷೆಯಿಂದ ಕಳೆಯಬೇಕು. ಶಿಕ್ಷೆಯ ಮೇಲೆ ಸೆಷನ್ಸ್ ಕೋರ್ಟಿಗೆ ಮೇಲ್ಮನವಿ ಹಾಕಬಹುದು. ಶಿಕ್ಷೆ ಮೂರು ವರ್ಷದೊಳಗಿದ್ದು, ಆ ಹೊತ್ತಿಗೆ ಅವನು ಜಾಮೀನಿನ ಮೇಲೆ ಇದ್ದರೆ, ಮೇಲ್ಮನವಿ ಹಾಕುವಷ್ಟು ದಿನ ಜಾಮೀನು ಮುಂದುವರಿಸಿ ಅಂತ ಅದೇ ಕೋರ್ಟಿನಲ್ಲಿ ಕೇಳಬಹುದು. ಈ ಅರ್ಜಿಯನ್ನು ವಕೀಲರು ಮೊದಲೇ ಬರೆದು ಕೈಯಲ್ಲಿ ಇಟ್ಟುಕೊಂಡಿರಲಿ. ಆದೇಶ ಬಂದ ಮೇಲೆ ಟೈಪ್ ಮಾಡಿಸಲು ಓಡುವ ಗಡಿಬಿಡಿ ಬೇಡ.

ಜೈಲಿಗಿಂತ ಜಾಸ್ತಿ ದಿನ ಕಾಡುವ ನಷ್ಟ ಇನ್ನೊಂದಿದೆ. ಅದರ ಬಗ್ಗೆ ಯಾರೂ ಹೇಳುವುದಿಲ್ಲ. ಪ್ರೊಬೇಷನ್ ಮೇಲೆ ಬಿಡುಗಡೆ ಆದವನಿಗೆ, ತಪ್ಪಿತಸ್ಥ ಅಂತ ತೀರ್ಪಾಗಿದೆ ಅನ್ನುವ ಒಂದೇ ಕಾರಣಕ್ಕೆ ಬೇರೆ ಕಾನೂನುಗಳಲ್ಲಿ ಬರುವ ಅನರ್ಹತೆ ತಗಲುವುದಿಲ್ಲ ಅಂತ 12ನೇ ಕಲಂ ರಕ್ಷಣೆ ಕೊಡುತ್ತದೆ. ಇಪ್ಪತ್ತರ ಹುಡುಗನಿಗೆ ಇದು ದೊಡ್ಡ ಆಸ್ತಿ. ಆದರೆ ಅದೇ ಕಲಂ ಕೊನೆಯಲ್ಲಿ ಒಂದು ಮಾತು ಇದೆ: ಬಿಡುಗಡೆ ಆದ ಮೇಲೆ ಮೂಲ ಅಪರಾಧಕ್ಕೆ ಶಿಕ್ಷೆ ಆದವನಿಗೆ ಈ ರಕ್ಷಣೆ ಇಲ್ಲ. ಅಂದರೆ ಷರತ್ತು ಮುರಿದ ತಪ್ಪಿಗೆ ನಾಲ್ಕೇ ದಿನ ಶಿಕ್ಷೆ ಬಿದ್ದರೂ, ಬರೀ ಜುಲ್ಮಾನೆ ಬಿದ್ದರೂ, ಅವನ ತಲೆ ಮೇಲಿದ್ದ ಈ ಕೊಡೆ ಹೋಗುತ್ತದೆ. ಹಾಗಾಗಿ ನಿಮ್ಮ ವಕೀಲರ ಗುರಿ 'ಶಿಕ್ಷೆ ಕಡಿಮೆ ಆಗಲಿ' ಅನ್ನುವುದು ಆಗಬಾರದು. 'ದಂಡ ಹಾಕಿ, ಮುಚ್ಚಳಿಕೆ ಮುಂದುವರಿಸಿ' ಅನ್ನುವುದು ಆಗಬೇಕು. ಇವೆರಡರ ನಡುವಿನ ಅಂತರ ಅವನ ಇಡೀ ಜೀವನದ್ದು.

ಕೆಲಸದ ಪ್ರಶ್ನೆಗೆ ಇಲ್ಲೇ ಉತ್ತರ ಇದೆ. ಖಾಸಗಿ ಕಂಪನಿ ಅವನನ್ನು ತೆಗೆಯುತ್ತದಾ ಇಲ್ಲವಾ ಅನ್ನುವುದು ಅವನ ನೇಮಕಾತಿಯ ಷರತ್ತು, ಮಾಲೀಕರ ಮನಸ್ಸು ಎರಡಕ್ಕೂ ಸೇರಿದ್ದು. ಸರ್ಕಾರಿ ಕೆಲಸದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬಹುದು. 12ನೇ ಕಲಂ ಇದ್ದರೂ ತಪ್ಪಿತಸ್ಥ ಅನ್ನುವ ತೀರ್ಪು ಅಳಿಸಿ ಹೋಗುವುದಿಲ್ಲ, ಇಲಾಖೆ ತನ್ನ ಕ್ರಮ ತೆಗೆದುಕೊಳ್ಳಬಹುದು ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಆ ಕ್ರಮಕ್ಕೂ ಮಿತಿ ಇದೆ. 1985ರಲ್ಲಿ ದೆಹಲಿಯ ಹಾಲು ಸರಬರಾಜು ಯೋಜನೆಯ ಒಬ್ಬ ಕ್ಯಾಷ್ ಕ್ಲರ್ಕ್ ವಿಷಯ ಸುಪ್ರೀಂ ಕೋರ್ಟಿಗೆ ಬಂತು. ಮನೆಯ ಕಷ್ಟದಲ್ಲಿ 500 ರೂಪಾಯಿ ಬಳಸಿಕೊಂಡಿದ್ದ, ತಪ್ಪು ಒಪ್ಪಿಕೊಂಡಿದ್ದ, ಹಣ ವಾಪಸ್ ಕಟ್ಟಿದ್ದ. ಮ್ಯಾಜಿಸ್ಟ್ರೇಟ್ ಪ್ರೊಬೇಷನ್ ಕೊಟ್ಟಿದ್ದರು. ಇಲಾಖೆ ಮಾತ್ರ ವಜಾ ಮಾಡಿತ್ತು. ವಜಾ ಮಾಡುವ ಅಧಿಕಾರ ಇದೆ ಅಂದ ಮಾತ್ರಕ್ಕೆ ಮನಸ್ಸಿಗೆ ಬಂದ ಹಾಗೆ ಮಾಡಲಾಗದು, ಶಿಕ್ಷೆ ನ್ಯಾಯವಾಗಿರಬೇಕು ಅಂತ ಹೇಳಿ ಕೋರ್ಟು ಆತನನ್ನು ಮತ್ತೆ ಕೆಲಸಕ್ಕೆ ಸೇರಿಸಿತು. ಮುಂದೆ ಯಾವತ್ತಾದರೂ ಅರ್ಜಿಯಲ್ಲಿ 'ನಿಮ್ಮ ಮೇಲೆ ಕ್ರಿಮಿನಲ್ ಕೇಸು ಇತ್ತಾ, ತಪ್ಪಿತಸ್ಥ ಅಂತ ತೀರ್ಪಾಗಿದೆಯಾ' ಅಂತ ಕೇಳಿದರೆ ನಿಮ್ಮ ತಮ್ಮ ಇದ್ದದ್ದನ್ನು ಇದ್ದ ಹಾಗೆ ಬರೆಯಲಿ, ಪ್ರೊಬೇಷನ್ ಆದೇಶದ ಪ್ರತಿ ಲಗತ್ತಿಸಲಿ. ಕೇಸಿಗಿಂತ ಕೇಸು ಮುಚ್ಚಿಟ್ಟದ್ದೇ ಎಷ್ಟೋ ಜನರ ಕೆಲಸ ತಿಂದಿದೆ.

ಇನ್ನು ನಿಮ್ಮ ಮಾವ. ಅವರಿಗೆ ಕೋಪ ಬಂದಿದ್ದರೆ ಅದು ನ್ಯಾಯವಾದದ್ದೇ. ಮುಚ್ಚಳಿಕೆ ಮುರಿದರೆ ಜಾಮೀನುದಾರರಿಗೂ ಬಿಸಿ ತಟ್ಟುತ್ತದೆ. ಅವರು ಸಹಿ ಹಾಕಿದ ಪತ್ರದಲ್ಲಿ ಒಂದು ಮೊತ್ತ ಬರೆದಿರುತ್ತದೆ. ಮುಚ್ಚಳಿಕೆ ಮುಟ್ಟುಗೋಲು ಆಯಿತು ಅಂತ ಕೋರ್ಟು ತೀರ್ಮಾನಿಸಿದರೆ 'ಈ ಹಣ ಕಟ್ಟಿ, ಇಲ್ಲವೇ ಯಾಕೆ ಕಟ್ಟಬಾರದು ಹೇಳಿ' ಅಂತ ನೋಟಿಸ್ ಕೊಡುತ್ತದೆ. ಕಾರಣ ಸರಿ ಅನ್ನಿಸಿದರೆ ಮೊತ್ತದಲ್ಲಿ ಒಂದು ಭಾಗ ಮನ್ನಾ ಮಾಡುವ ಅಧಿಕಾರವೂ ಕೋರ್ಟಿಗೆ ಇದೆ. ಕಟ್ಟದೆ, ವಸೂಲಿಯೂ ಆಗದೆ ಹೋದರೆ ಜಾಮೀನುದಾರರನ್ನು ಸಿವಿಲ್ ಜೈಲಿಗೆ ಕಳಿಸುವ ಅವಕಾಶವೂ ಕಾನೂನಿನಲ್ಲಿ ಇದೆ. ಹಾಗಾಗಿ ಅವರೂ ಅದೇ ದಿನ ಹೋಗಲಿ. ಹುಡುಗನನ್ನು ಕರೆತಂದು ಕೋರ್ಟಿನ ಮುಂದೆ ನಿಲ್ಲಿಸಿದ ಜಾಮೀನುದಾರರ ಮಾತಿಗೆ ತೂಕ ಇರುತ್ತದೆ. 'ನನಗೆ ಇನ್ನು ಸಾಧ್ಯವಿಲ್ಲ' ಅನ್ನಿಸಿದರೆ ಜಾಮೀನಿನಿಂದ ಬಿಡುಗಡೆ ಕೋರಿ ಅರ್ಜಿ ಹಾಕಬಹುದು, ಆಗ ಬೇರೆಯವರು ನಿಲ್ಲಬೇಕಾಗುತ್ತದೆ. ಅದು ಅವರ ಹಕ್ಕು. ಆದರೆ ಈ ತಾರೀಖಿನಂದೇ ಆ ಅರ್ಜಿ ಹಾಕಿದರೆ ಮನೆಯವರೇ ಕೈಬಿಟ್ಟರು ಅಂತ ಕಾಣುತ್ತದೆ. ದಯವಿಟ್ಟು ಒಂದು ಡೇಟ್ ತಡೆಯಿರಿ ಅಂತ ಅವರ ಹತ್ತಿರ ಕೇಳಿಕೊಳ್ಳಿ.

ಕೋರ್ಟಿಗೆ ಹೋಗುವ ಮುಂಚೆ ಮಾಡಬೇಕಾದ್ದು. ಮೊದಲು ಪ್ರೊಬೇಷನ್ ಆದೇಶದ ಪ್ರತಿ ಹುಡುಕಿ. ನಿಗಾ ಆದೇಶ ಮಾಡುವ ಕೋರ್ಟು ಷರತ್ತುಗಳನ್ನು ವಿವರಿಸಿ ಹುಡುಗನಿಗೂ ಜಾಮೀನುದಾರರಿಗೂ ಒಂದೊಂದು ಪ್ರತಿ ಕೊಡಬೇಕು. ಮನೆಯಲ್ಲಿ ಇಲ್ಲದಿದ್ದರೆ ನಕಲಿಗೆ ಅರ್ಜಿ ಹಾಕಿ. ಅದನ್ನು ಕೂತು ಒಂದೊಂದೇ ಸಾಲು ಓದಿ. 'ಊರು ಬಿಡಬಾರದು' ಅಂತ ನೀವು ಬರೆದಿದ್ದೀರಿ. ಆದೇಶದಲ್ಲಿ ಇರುವುದು ಹಾಗೆಯೇನಾ? 'ವಿಳಾಸ ಬದಲಾದರೆ ತಿಳಿಸಬೇಕು' ಅಂತ ಇದ್ದರೆ ತಪ್ಪಿನ ತೂಕವೇ ಬೇರೆ. ಯಾವ ಕಾಯ್ದೆಯ ಯಾವ ಕಲಂ ಅಂತಲೂ ನೋಡಿ. ಇಲ್ಲಿಯವರೆಗೆ ಹೇಳಿದ್ದು 1958ರ ಕಾಯ್ದೆಯ ಮಾತು. ದಂಡ ಪ್ರಕ್ರಿಯಾ ಸಂಹಿತೆಯ 360ನೇ ಕಲಂನಲ್ಲೂ ಇಂಥದ್ದೇ ಬಿಡುಗಡೆ ಇತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 401ನೇ ಕಲಂ ಆಗಿದೆ. ಆ ಕಲಂ ಕೆಳಗೆ ಬಿಟ್ಟಿದ್ದರೆ 50 ರೂಪಾಯಿ ದಂಡದ ದಾರಿ ಅಲ್ಲಿ ಬರೆದಿಲ್ಲ. ಆಗ ವಾದದ ರೀತಿ ಬದಲಾಗಬೇಕು. 20 ವರ್ಷದವನಾದ್ದರಿಂದ ನಿಮ್ಮದು 1958ರ ಕಾಯ್ದೆಯ ಆದೇಶವೇ ಇರುವ ಸಾಧ್ಯತೆ ಜಾಸ್ತಿ, ಆದರೂ ಕಣ್ಣಾರೆ ನೋಡಿ.

ಆಮೇಲೆ ಡೇಟಿಗೆ ಕಾಯದೆ ಇವತ್ತೇ ಅಧಿಕಾರಿಯನ್ನು ಕಾಣಲಿ. ಇದು ಬಹಳ ಮುಖ್ಯ. 'ಹೇಗೂ ಕೋರ್ಟಿಗೆ ವಿಷಯ ಹೋಗಿದೆಯಲ್ಲ, ಇನ್ನು ಅವರ ಹತ್ತಿರ ಯಾಕೆ' ಅನ್ನಬೇಡಿ. ಮ್ಯಾಜಿಸ್ಟ್ರೇಟರು ಅಧಿಕಾರಿಯನ್ನೇ ಕೇಳುತ್ತಾರೆ: ಈಗ ಹುಡುಗ ಹೇಗಿದ್ದಾನೆ? 'ವಾರದ ಹಿಂದೆ ತಾನಾಗಿ ಬಂದು ಕಂಡಿದ್ದಾನೆ, ಕೆಲಸಕ್ಕೆ ಹೋಗುತ್ತಿರುವುದು ನಿಜ' ಅಂತ ಅವರ ಬಾಯಿಂದ ಬಂದರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಷರತ್ತು ಬದಲಾಯಿಸಲು ಅರ್ಜಿ ಹಾಕಬೇಕಾದವರೂ ಅವರೇ ತಾನೇ? ಹೋಗುವಾಗ ಸುಮ್ನೆ ಬರಿಗೈಯಲ್ಲಿ ಹೋಗುವುದು ಬೇಡ. ಕೆಲಸದ ಆರ್ಡರ್ ಕಾಪಿ, ಸಂಬಳದ ಚೀಟಿ, ಇರುವ ರೂಮಿನ ವಿಳಾಸ, ಮಾಲೀಕರಿಂದ ಹಾಜರಿ ಪತ್ರ, ಪರಿಹಾರ ಕಟ್ಟಿದ ರಸೀದಿ ಇವನ್ನೆಲ್ಲ ಎರಡೆರಡು ಪ್ರತಿ ಮಾಡಿಸಿ. ಒಂದು ಅಧಿಕಾರಿಗೆ, ಒಂದು ವಕೀಲರಿಗೆ.

ಬಾಕಿ ಪರಿಹಾರವನ್ನು ಸಾಧ್ಯವಾದಷ್ಟು ಈಗಲೇ ಕಟ್ಟಿ. ಪೂರ್ತಿ ಆಗದಿದ್ದರೆ ಒಂದು ಕಂತಾದರೂ ಕಟ್ಟಿ, ಉಳಿದದ್ದಕ್ಕೆ ಸಮಯ ಕೇಳಿ. ಈ ಹಣವನ್ನು ಜುಲ್ಮಾನೆ ವಸೂಲಿ ಮಾಡುವ ರೀತಿಯಲ್ಲೇ ವಸೂಲಿ ಮಾಡಬಹುದು. ಅದು ಕಾನೂನಿನ ಮಾತು. ಅದರಾಚೆಗೆ, ತಲೆಗೆ ಏಟು ತಿಂದ ಹುಡುಗ ಅದೇ ಊರಿನಲ್ಲಿ ಇದ್ದಾನೆ. ಹೊಡೆದವನು ದುಡಿಯುತ್ತಿದ್ದಾನೆ, ನನ್ನ ಹಣ ಮಾತ್ರ ಬಂದಿಲ್ಲ ಅಂದರೆ ಅವನಿಗೆ ಹೇಗನ್ನಿಸಬೇಡ?

ಕೋರ್ಟಿನಲ್ಲಿ ಕೇಳಿದಾಗ ಸುಳ್ಳು ಬೇಡ. 'ಹುಷಾರಿರಲಿಲ್ಲ' ಅಂತ ಹೇಳಿ ವೈದ್ಯರ ಚೀಟಿ ಹೊಂದಿಸುವ ಸಲಹೆ ಯಾರಾದರೂ ಕೊಟ್ಟಾರು. ಹಾಜರಿ ಪುಸ್ತಕದಲ್ಲಿ ಅದೇ ದಿನ ಅವನು ಪೀಣ್ಯದಲ್ಲಿ ಡ್ಯೂಟಿ ಮಾಡಿದ ಗುರುತು ಇರುತ್ತದೆ. ಅಲ್ಲಿಗೆ ಸಣ್ಣ ತಪ್ಪು ದೊಡ್ಡದಾಯಿತು. 'ಕೆಲಸ ಸಿಕ್ಕಿತು, ಕೇಳಿದರೆ ಬೇಡ ಅಂತಾರೆ ಅಂತ ಹೆದರಿ ಹೇಳದೆ ಹೋದೆ, ತಪ್ಪಾಯಿತು, ಬೆಂಗಳೂರಿನಲ್ಲೇ ಅಧಿಕಾರಿಯನ್ನು ಕಾಣಲು ಅವಕಾಶ ಕೊಡಿ' ಅಂತ ನಿಜ ಹೇಳಲಿ. ಇದೇ ಅರ್ಥದ ಅರ್ಜಿಯನ್ನು ವಕೀಲರು ಬರಹದಲ್ಲಿ ಕೊಡಲಿ. ಕೋರ್ಟು ಒಪ್ಪಿದರೆ ನಿಗಾ ಬೆಂಗಳೂರಿಗೆ ವರ್ಗವಾಗಬಹುದು. ಜೊತೆಗೆ ಅವಧಿ ಹೆಚ್ಚಿಸಿದರೂ ಹೆಚ್ಚಿಸಬಹುದು, ಆದರೆ ಮೂಲ ಆದೇಶದ ದಿನದಿಂದ ಲೆಕ್ಕ ಹಾಕಿ ಮೂರು ವರ್ಷ ದಾಟುವಂತಿಲ್ಲ. ಅಷ್ಟಕ್ಕೆ ಮುಗಿದರೆ ಒಪ್ಪಿಕೊಳ್ಳಿ.

ಈ ನಡುವೆ ಹೊಸ ತಕರಾರು ಏನೂ ಬರದಂತೆ ನೋಡಿಕೊಳ್ಳಿ. ಹೊಸ ಕೇಸು ಬಿದ್ದರೆ ಅದು ಬೇರೆಯೇ ನಡೆಯುತ್ತದೆ, ಜೊತೆಗೆ ಶಾಂತಿಯಿಂದ ಇರುತ್ತೇನೆ ಅಂತ ಬರೆದುಕೊಟ್ಟ ಮಾತನ್ನೂ ಮುರಿದ ಅನ್ನುವ ಪ್ರಶ್ನೆ ಏಳುತ್ತದೆ. ಎಫ್‌ಐಆರ್ ಆದ ಮಾತ್ರಕ್ಕೆ ತಪ್ಪು ಸಾಬೀತಾಗುವುದಿಲ್ಲ, ನಿಜ. ಆದರೆ ಅಧಿಕಾರಿಯ ಮುಂದಿನ ವರದಿಯಲ್ಲಿ ಅದು ಇದ್ದೇ ಇರುತ್ತದೆ.

ವಕೀಲರಿಗೆ ಕೊಡಲು ಹಣ ಇಲ್ಲ ಅಂದರೆ ತಾಲ್ಲೂಕು ಕೋರ್ಟಿನ ಆವರಣದಲ್ಲೇ ಇರುವ ಕಾನೂನು ಸೇವಾ ಸಮಿತಿಗೆ ಹೋಗಿ. ಆದಾಯ ಮಿತಿಯೊಳಗೆ ಇರುವವರಿಗೆ ಅಲ್ಲಿಂದ ಉಚಿತವಾಗಿ ವಕೀಲರು ಸಿಗುತ್ತಾರೆ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಕಸ್ಟಡಿಯಲ್ಲಿ ಇರುವವರಿಗೆ ಆದಾಯದ ಪ್ರಶ್ನೆಯೇ ಬರುವುದಿಲ್ಲ. 15100 ಸಂಖ್ಯೆಗೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಸಮನ್ಸ್ ಕಾಗದ, ಪ್ರೊಬೇಷನ್ ಆದೇಶ, ನಿಮ್ಮ ತಮ್ಮನ ಆಧಾರ್ ತೆಗೆದುಕೊಂಡು ಹೋಗಿ. ತಾರೀಖಿಗೆ ಇನ್ನೂ ಸಮಯ ಇರುವಾಗಲೇ ಹೋದರೆ ವಕೀಲರಿಗೂ ಕಡತ ನೋಡಲು ಪುರುಸೊತ್ತು ಸಿಗುತ್ತದೆ.